ಕಾವೂರಿನ ಬೂದು ಕಾರು

ಹೋದ ವಾರ ಬಂದರಿನ ಕಡೆ ನಡೆದು ಹೋಗುವಾಗ ಯಾರೋ ದೋಣಿಯ ಹಲಗೆಗೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಆ ನಾತಕ್ಕೆ ನನ್ನ ಕಾಲು ನಿಂತಿತು. ನಮ್ಮ ಪಕ್ಕದ ಮನೆಯ ಮೆಕ್ಯಾನಿಕ್ ನೆನಪಾದರು...

ಮೀನುಗಾರರ ಮನೆಯಲ್ಲಿ ಹುಟ್ಟಿ, ಕಡಲು ಬಿಟ್ಟು ಎಂಜಿನ್ ಹಿಡಿದವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಅವರು ಮಾಷ್ಟ್ರೆ ಎನ್ನುತ್ತಿದ್ದರು. ಅರವತ್ತರ ದಶಕದ ಮೊದಲ ವರ್ಷಗಳಿರಬೇಕು. ವಿಮಾನ ನಿಲ್ದಾಣದ ಗುಡ್ಡದ ರಸ್ತೆಯಲ್ಲಿ ಕೆಲವು ಹವ್ಯಾಸಿಗಳು ಸೇರಿ ಕಾರಿನ ಪಂದ್ಯ ಇಡುವುದೆಂದಾಯಿತು. ಒಬ್ಬೊಬ್ಬರನ್ನಾಗಿ ಬಿಡುವುದು, ಬೇಗ ಹತ್ತಿದವನು ಗೆದ್ದ. ಆ ಗುಡ್ಡದ ತುದಿಯನ್ನು ನಾನೂ ಒಮ್ಮೆ ಮುಟ್ಟಬೇಕೆಂಬ ಹುಚ್ಚು ಹಿಡಿಯಿತು. ನನ್ನ ಸಂಬಳಕ್ಕೆ ಅಗ್ಗದ ಹಳೆಯ ಕಾರೇ ಗತಿ. ಆರಿಸುವುದನ್ನು ಅಣ್ಣನಿಗೆ ಬಿಟ್ಟೆ.

ಭಾನುವಾರ ಬಂತೆಂದರೆ ಇಬ್ಬರೂ ಕಾರು ನೋಡುತ್ತ ಅಲೆಯುತ್ತಿದ್ದೆವು. ಅಣ್ಣ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಗೋಣಿ ಹಾಸಿ ಕಾರಿನ ಅಡಿಗೆ ನುಸುಳಿ, ಸಣ್ಣ ಸುತ್ತಿಗೆಯಿಂದ ಚಾಸಿಸ್ ತಟ್ಟಿ ಕಿವಿಗೊಡುತ್ತಿದ್ದರು. ತುಕ್ಕು ಹಿಡಿಯದಂತೆ ಕೆಲವರು ಕಾರಿನ ಅಡಿಗೂ ದೋಣಿಯ ಎಣ್ಣೆಯನ್ನೇ ಬಳಿಯುತ್ತಿದ್ದರು. ಹಿಡಿದ ತುಕ್ಕು ಮುಚ್ಚಲು ಬಳಿಯುವವರೂ ಇದ್ದರು. ಯಾವುದು ಯಾವುದೆಂದು ತಟ್ಟಿ ನೋಡಿದವನಿಗೇ ಗೊತ್ತು.

ಕಾವೂರಿನಲ್ಲಿ ಬೂದು ಬಣ್ಣದ, ಎರಡು ಬಾಗಿಲಿನ ಒಂದು ಕಾರು ನನಗೆ ನೋಡಿದ ಕೂಡಲೇ ಹಿಡಿಸಿತು. ಅಣ್ಣ ಅದರ ಅಡಿಯಲ್ಲಿ ಬಹಳ ಹೊತ್ತು ಇದ್ದರು. ಹೊರಗೆ ಬಂದು ಕೈ ಒರೆಸಿಕೊಂಡರು.

"ಬೇಡ ಮಾಷ್ಟ್ರೆ. ತುಕ್ಕು ಪೂರಾ ತಿಂದಿದೆ. ಎಣ್ಣೆ ಬಳಿದು ಮುಚ್ಚಿದ್ದಾರೆ."

"ನಾನೂ ಒಮ್ಮೆ ನೋಡಲಾ?"

"ನೋಡಿ. ಆ ಬಿಳಿ ಪ್ಯಾಂಟು ಆಮೇಲೆ ಯಾರು ಒಗೆಯುವುದು ಮಾರಾಯ್ರೆ?"

ನಕ್ಕುಬಿಟ್ಟೆ. ಬಗ್ಗಿ ನೋಡಲಿಲ್ಲ. ಹಂಪನಕಟ್ಟೆಯ ವ್ಯಾಪಾರಿಯೊಬ್ಬರ ಹಸಿರು ಕಾರನ್ನು, ಅಣ್ಣ ಒಪ್ಪಿದರೆಂಬ ಒಂದೇ ಕಾರಣಕ್ಕೆ ಕೊಂಡೆ.

ಪಂದ್ಯದ ದಿನ ಅದು ಮೂರನೇ ತಿರುವಿನಲ್ಲಿ ಕುದಿದು ನಿಂತಿತು. ಆವಿಯ ಪಕ್ಕ ನಿಂತಿದ್ದೆ. ನಾನು ಹೊರಡುವವರೆಗೂ ಕಣ್ಣಿಗೆ ಬೀಳದಿದ್ದ ಆ ಬೂದು ಕಾರು ಕೆಳಗಿನಿಂದ ಬಂದು, ನನ್ನನ್ನು ದಾಟಿ ಸಲೀಸಾಗಿ ಏರಿತು. ಓಡಿಸುತ್ತಿದ್ದವರು ಅಣ್ಣ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಥವಾ ಆ ಅಂಗಿಯನ್ನು ಆಮೇಲೆ ನನ್ನ ನೆನಪೇ ತೊಡಿಸಿದ್ದೋ...

ಸ್ವಲ್ಪ ಹೊತ್ತಿಗೆ ಅವರೇ ನೀರಿನ ಡಬ್ಬಿ ಹಿಡಿದು ಇಳಿದು ಬಂದರು.

"ರೇಡಿಯೇಟರ್ ಮುಚ್ಚಳ ಈಗ ತೆಗೀಬೇಡಿ, ಕೈ ಸುಡ್ತದೆ."

"ಆ ಕಾರಿನ ಚಾಸಿಸ್ ತುಕ್ಕು ತಿಂದಿದೆ ಅಂದಿದ್ರಲ್ಲ?"

"ಇಲ್ಲ. ಗಟ್ಟಿ ಉಂಟು. ನಾನೇ ತೆಗೊಂಡೆ."

"ಸುಳ್ಳು ಎಂತಕ್ಕೆ ಹೇಳಿದ್ದು? ನಿಮಗೆ ಬೇಕಿದ್ರೆ ಕೇಳಬಹುದಿತ್ತು."

ಅಣ್ಣ ಡಬ್ಬಿ ಕೆಳಗಿಟ್ಟರು. "ಓಡಿಸ್ಲಿಕ್ಕೆ ಆಸೆ ಉಂಟಾ ಅಣ್ಣ ಅಂತ ನೀವು ಒಂದು ದಿನ ಕೇಳಿದ್ದುಂಟಾ ಮಾಷ್ಟ್ರೆ?"

ಅಂದಿನಿಂದ ಮಾತು ಬಿಟ್ಟೆ. ಬೇಲಿಯ ಆಚೆ ಈಚೆ ವರ್ಷಗಟ್ಟಲೆ ಹಾಗೆಯೇ ಬದುಕಿದೆವು. ಅವರು ತೀರಿಕೊಂಡ ದಿನ ಹೋಗಿ ಅಂಗಳದಲ್ಲಿ ನಿಂತೆ. ಒಳಗೆ ಹೋಗಿ ಮುಖ ನೋಡಲು ಆಗಲಿಲ್ಲ.

ಇದನ್ನು ಬರೆಯುವ ಮುನ್ನ ಹಳೆಯ ದಿನಚರಿ ತೆಗೆದೆ. ಪಂದ್ಯದ ದಿನ ಎರಡೇ ಸಾಲು: "ಎಂಜಿನ್ ಕುದಿಯಿತು. ನಂಬಿದವರು ಮೋಸ ಮಾಡಿದರು." ಅಣ್ಣನ ಪ್ರಶ್ನೆ ಅಲ್ಲಿಲ್ಲ. ಅವರು ಕೇಳಿದ್ದನ್ನು ನಾನು ಬರೆಯದೆ ಬಿಟ್ಟೆನೋ, ವಯಸ್ಸಾದ ಮೇಲೆ ನಾನೇ ಅವರ ಬಾಯಲ್ಲಿಟ್ಟೆನೋ? ಕೇಳೋಣವೆಂದರೆ ಅವರಿಲ್ಲ. ಮೋಸ ಮೋಸವೇ, ಇಂದಿಗೂ ಚುಚ್ಚುತ್ತದೆ. ಆದರೆ ಅದಕ್ಕೂ ಹಿಂದಿನ ಭಾನುವಾರಗಳ ಪುಟಗಳನ್ನು ಓದಿದೆ. ಇಂಥ ಊರಿಗೆ ಹೋದೆ, ಇಂಥ ಕಾರು ನೋಡಿದೆ, ನನಗೆ ಹಿಡಿಸಲಿಲ್ಲ... ಹೀಗೇ ಇದೆ. ಕಾರಿನ ಅಡಿಯಲ್ಲಿ ಮಲಗಿದ್ದವರ ಹೆಸರು ಎಲ್ಲಿಯೂ ಇಲ್ಲ.