ಹಾಳೆಯ ನುಚ್ಚು, ಸೇಬಿನ ಪಾಕ

ನಮ್ಮ ಕಡೆ ಸೇಬು ಹಣ್ಣಲ್ಲ, ಹಾಜರಿ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋದವನು ತಾನು ಬಂದುಹೋದದ್ದಕ್ಕೆ ಗುರುತಾಗಿ ಮಂಚದ ಪಕ್ಕ ಒಂದು ಚೀಲ ಬಿಟ್ಟು ಬರಬೇಕು, ಅದರಲ್ಲಿ ಸೇಬೇ ಇರಬೇಕು. ಬಾಳೆಹಣ್ಣು ಒಯ್ದರೆ ಜಿಪುಣ ಅನ್ನುತ್ತಾರೆ, ಪೇರಲ ಒಯ್ದರೆ ರೋಗಿಗೆ ಕೆಮ್ಮು ಹಚ್ಚಲು ಬಂದ ಅನ್ನುತ್ತಾರೆ. ಸೇಬಿನ ಮೇಲೆ ಯಾರ ತಕರಾರೂ ಇಲ್ಲ. ಹಾಗಾಗಿ ನನ್ನ ಹೆಂಡತಿ ಶಿವಲೀಲಾ ಡೆಂಗಿ ಜ್ವರಕ್ಕೆ ಕೊಪ್ಪಳದ ಆಸ್ಪತ್ರೆ ಸೇರಿ, ಗುಣವಾಗಿ, ಗಂಗಾವತಿಯ ಮನೆಗೆ ಹೊರಟಾಗ ಕಾರಿನಲ್ಲಿ ಬಟ್ಟೆಯ ಗಂಟಿಗಿಂತ ಸೇಬಿನ ಚೀಲಗಳೇ ಹೆಚ್ಚಿದ್ದವು. ಯಲಬುರ್ಗಾದ ಬೀಗರು ತಂದವು, ಕುಷ್ಟಗಿಯ ಭಾವಮೈದುನ ತಂದವು, ಕಾರಟಗಿಯ ಗಿರಣಿಯವರು ತಂದವು. ಯಾರ ಹಣ್ಣು ಯಾವುದು ಎಂದು ನೋಡಿದರೆ ನನಗೆ ಗೊತ್ತಾಗುತ್ತಿತ್ತು. ಮಾಲು ಗುರುತಿಸುವುದೇ ನನ್ನ ಕಸುಬಲ್ಲವೇ?

ಕಸುಬು ಭತ್ತದ ದಲಾಲಿ. ಕಾರಟಗಿಯ ಗಿರಣಿಯೊಂದರಲ್ಲಿ ಚೀಲ ಹೊರುತ್ತಿದ್ದವನು ನಾನು. ಚೀಲ ಹೊರುವ ಬೆನ್ನಿಗಿಂತ ಚೀಲ ನೋಡುವ ಕಣ್ಣಿಗೆ ಕೂಲಿ ಜಾಸ್ತಿ ಎಂದು ತಿಳಿದ ಮೇಲೆ ಈ ಕಡೆ ಬಂದೆ. ನನಗೆ ಯಾರೂ ಪಾಠ ಹೇಳಲಿಲ್ಲ. ಆದರೆ ನಾನು ಎಲ್ಲರಿಗೂ ಹೇಳುತ್ತೇನೆ, ನೀವು ಕೇಳದಿದ್ದರೂ ಈಗ ಹೇಳುತ್ತಿದ್ದೇನೆ: ವ್ಯಾಪಾರಕ್ಕೆ ಎರಡೇ ಮಾತು. ಕಟ್ಟಿದ ಚೀಲವನ್ನು ಕಟ್ಟಿದ ಹಾಗೆಯೇ ಕೊಳ್ಳಬೇಡಿ. ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಉಜ್ಜಿ, ಊದಿ, ಮೂಸಿ ನೋಡಿ. ಎರಡನೆಯದು, ಮಾಲು ಎಷ್ಟೇ ಚೆನ್ನಾಗಿರಲಿ, ಮಾರುವವನ ಎದುರು ಚೆನ್ನಾಗಿದೆ ಅನ್ನಬೇಡಿ. ಅಂದರೆ ರೇಟು ಏರುತ್ತದೆ. ಮುಖವನ್ನು ಸ್ವಲ್ಪ ಸಪ್ಪಗೆ ಮಾಡಿಕೊಂಡು, ಕಾಳನ್ನು ಚೀಲಕ್ಕೆ ವಾಪಸು ಒಗೆದು, "ನಡೀತೈತಿ" ಎನ್ನಿ. ಮುತ್ತಿನಂಥ ಸೋನಾ ಮಸೂರಿಗೂ ನಾನು ಅದಕ್ಕಿಂತ ದೊಡ್ಡ ಬಿರುದು ಕೊಟ್ಟವನಲ್ಲ.

ಮನೆಯಲ್ಲಿ ಮೂರನೆಯದೊಂದು ನಿಯಮವೂ ಇದೆ. ಹಣ್ಣು ಬಂದರೆ ಮೊದಲು ಕೆಡಲು ಹತ್ತಿದ್ದನ್ನು ತಿನ್ನಬೇಕು, ಚೆನ್ನಾಗಿರುವುದನ್ನು ನಾಳೆಗೆ ಇಡಬೇಕು. ಕೇಳಲು ಎಷ್ಟು ಬುದ್ಧಿವಂತಿಕೆಯ ಮಾತು! ಇದರ ಫಲವೇನೆಂದರೆ, ಇಂದು ಚೆನ್ನಾಗಿರುವುದು ನಾಳೆ ಕೆಡಲು ಹತ್ತುತ್ತದೆ, ಆಗ ಅದರ ಪಾಳಿ ಬರುತ್ತದೆ. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಒಳ್ಳೆಯ ಹಣ್ಣು ತಿಂದಿದ್ದೇ ಇಲ್ಲ. ಇದು ನನಗೆ ಹೊಳೆದದ್ದು ಮೊನ್ನೆ ಮೊನ್ನೆ, ಸೇಬು ಹೆಚ್ಚುವಾಗ. ನಾಚಿಕೆಯ ಸಂಗತಿ ಇದೊಂದೇ ಆಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ.

ಜ್ವರ ಬಿಟ್ಟಿತ್ತು, ಆದರೆ ಶಿವಲೀಲಾಳ ಬಾಯಿರುಚಿಯನ್ನು ಜೊತೆಗೇ ಕರೆದುಕೊಂಡು ಹೋಗಿತ್ತು. ಗಂಜಿ ಇಟ್ಟರೆ ಎರಡು ಚಮಚ, ರೊಟ್ಟಿ ಹಾಲಿನಲ್ಲಿ ನೆನೆಸಿಟ್ಟರೆ ಒಂದು ತುತ್ತು, ಆಮೇಲೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸುತ್ತಿದ್ದಳು. ಪಕ್ಕದ ಮನೆಯ ಜುಬೇದಾ ಅಕ್ಕ ಕಳಿಸಿದ ಖಿಚಡಿಯನ್ನೂ ಹಾಗೆಯೇ ಸರಿಸಿದಳು. ಬಳೆ ಮೊಣಕೈತನಕ ಜಾರುತ್ತಿದ್ದವು. ಹೊಟ್ಟೆಗೆ ಇಷ್ಟೇ ಬೀಳುತ್ತಿದ್ದರೆ ಮತ್ತೆ ಬಂದು ಸಲೈನ್ ಹಾಕಿಸಿಕೊಳ್ಳಬೇಕಾಗುತ್ತದೆ, ಅವರ ಮನಸ್ಸಿಗೆ ಬಂದದ್ದನ್ನು ಏನಾದರೂ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ಮನಸ್ಸಿಗೆ ಏನು ಬರುತ್ತದೆ ಎಂದು ಕೇಳಿದರೆ, ಏನೂ ಇಲ್ಲ ಎಂದು ಗೋಡೆಯ ಕಡೆ ಹೊರಳುತ್ತಿದ್ದಳು.

ಒಂದು ಮಧ್ಯಾಹ್ನ ಮಲಗಿದಲ್ಲೇ ಮೊಬೈಲು ನೋಡುತ್ತಿದ್ದವಳು ನನ್ನನ್ನು ಕರೆದಳು. ಯಾವುದೋ ಊರಿನ ಹೆಂಗಸೊಬ್ಬಳು ಅಂಗಡಿಯಿಂದ ತಂದ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಿಟ್ಟಿನ ಹಾಳೆಗಳಿಗೆ ಬೆಣ್ಣೆ ಸವರಿ, ಒಂದರ ಮೇಲೊಂದು ಹಾಸಿ, ನಡುವೆ ಸಕ್ಕರೆ ಮತ್ತು ದಾಲ್ಚಿನ್ನಿಯಲ್ಲಿ ಬೇಯಿಸಿದ ಸೇಬು ತುಂಬಿ, ಸುರುಳಿ ಸುತ್ತಿ ಒಲೆಗೆ ಇಡುತ್ತಿದ್ದಳು. ಆ ಹಾಳೆಗೆ ಫಿಲೋ ಎನ್ನುತ್ತಾರಂತೆ. ಬೆಂದದ್ದನ್ನು ಚಾಕುವಿನಿಂದ ಕೊಯ್ದಾಗ ಒಣಗಿದ ಎಲೆ ತುಳಿದಂತೆ ಕರಕರ ಸಪ್ಪಳ ಬಂತು. "ನಮ್ಮ ಚಿರೋಟಿ ಹಂಗ ಐತಲ್ರಿ," ಎಂದಳು ಶಿವಲೀಲಾ. "ಇದನ್ನೊಂದು ತಿಂದು ನೋಡಬೇಕು ಅನಸ್ತೈತಿ."

ತಿನ್ನಬೇಕು ಎನ್ನುವ ಶಬ್ದ ಆ ಬಾಯಿಂದ ಬಂದು ಎಷ್ಟು ದಿನವಾಗಿತ್ತೋ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಸೇಬು ಮನೆಯಲ್ಲಿ ರಾಶಿ ಬಿದ್ದಿವೆ, ತುಪ್ಪವಿದೆ, ಹಾಳೆಯೊಂದನ್ನು ತಂದರೆ ಆಯಿತು. ಈ ವ್ಯವಹಾರ ನನಗೆ ಬಿಡು ಎಂದೆ.

ಹಾಳೆ ಗಂಗಾವತಿಯಲ್ಲಿ ಸಿಗಲಿಲ್ಲ. ಹಂಪಿಗೆ ಬರುವ ವಿದೇಶಿಯರ ಹೋಟೆಲುಗಳಿಗೆ ಸಾಮಾನು ಹಾಕುವ ಅಂಗಡಿಯೊಂದು ಹೊಸಪೇಟೆಯಲ್ಲಿದೆ ಎಂದು ಗೊತ್ತಾಗಿ ಅಲ್ಲಿಗೇ ಹೋದೆ. ಅಂಗಡಿಯವನು ಮಂಜಿನ ಪೆಟ್ಟಿಗೆಯಿಂದ ಉದ್ದನೆಯ ಡಬ್ಬಿಯೊಂದನ್ನು ತೆಗೆದು ಕೈಗಿಟ್ಟ. ಕಟ್ಟಿದ ಮಾಲು! ನನ್ನ ಉಗುರು ತಾನಾಗಿಯೇ ಅಂಚಿಗೆ ಹೋಯಿತು.

"ಬಿಚ್ಚಬ್ಯಾಡ್ರಿ ಯಜಮಾನ್ರ," ಎಂದ ಅವನು. "ಮನಿಗೆ ಹೋಗಿ ಮಾಡೂ ಹೊತ್ತಿಗೇ ಬಿಚ್ಚಬೇಕದು. ಗಾಳಿ ತಾಗಿದ್ರ ಒಡೀತೈತಿ."

ಬಿಚ್ಚಬೇಡಿ ಎನ್ನುವ ವ್ಯಾಪಾರಿಯನ್ನು ನಾನು ಎಂದೂ ನಂಬಿದವನಲ್ಲ. ಬಿಚ್ಚಿದೆ. ಒಳಗಿನ ಸುರುಳಿಯನ್ನು ಸ್ವಲ್ಪ ಬಿಡಿಸಿ ಬೆಳಕಿಗೆ ಹಿಡಿದೆ. ಆಚೆಯ ರಸ್ತೆಯಲ್ಲಿ ಹೋಗುವ ಆಟೋ ಮಬ್ಬಾಗಿ ಕಂಡಿತು, ಅಷ್ಟು ತೆಳುವು. ಸೊಗಸಾದ ಮಾಲು ಎಂದು ಒಳಗೆ ಅನ್ನಿಸಿತು. ಮುಖ ಸಪ್ಪಗೆ ಮಾಡಿಕೊಂಡು, ಅಂಚಿನಲ್ಲಿ ಸೀಳಿದೆಯಲ್ಲ ಎಂದೆ. ಸೀಳಿದ್ದು ನನ್ನ ಉಗುರೇ. ಬಿಚ್ಚಿದ ಡಬ್ಬಿಯನ್ನು ಇನ್ಯಾರೂ ಒಯ್ಯುವುದಿಲ್ಲ ಎಂಬ ಮಾತನ್ನೂ ನಾನೇ ಎತ್ತಿ, ಅದರ ಮೇಲೆ ರೇಟು ಇಳಿಸಿಕೊಂಡೆ. ಆತ ನನ್ನನ್ನೇ ನೋಡುತ್ತ ಡಬ್ಬಿಗೊಂದು ರಬ್ಬರು ಹಾಕಿ ಕೊಟ್ಟ. ಗೆದ್ದ ಸಂತೋಷದಲ್ಲಿ ಮುನಿರಾಬಾದಿನಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದೆ. ಅಲ್ಲಿ ಸಿಕ್ಕ ಪರಿಚಯದವರೊಬ್ಬರಿಗೆ ಮನೆ ಕಟ್ಟಿಸುವಾಗ ಸಿಮೆಂಟು ಹೇಗೆ ಕೊಳ್ಳಬೇಕು ಎಂದು ವಿವರವಾಗಿ ತಿಳಿಸಿದೆ. ಅಷ್ಟು ಹೊತ್ತೂ ಡಬ್ಬಿ ಕಾರಿನ ಗಾಜಿನ ಹಿಂದೆ, ನಮ್ಮ ಬಿಸಿಲಿನಲ್ಲಿ ಕುಳಿತಿತ್ತು.

ತೆಳುವು ಎನ್ನುವುದು ನಮಗೇನು ಹೊಸದಲ್ಲ. ಚಿರೋಟಿಯ ಪದರಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಸವರುತ್ತೇವೆ. ಬೆಳಗಾವಿ ಕಡೆಯವರು ಬೋರಲು ಹಾಕಿದ ಕಾದ ಮಡಕೆಯ ಮೇಲೆ ಮಂಡಿಗೆ ಹರಡುತ್ತಾರೆ, ಅದೂ ಕಾಗದದಂತೆಯೇ. ಒಂದು ಸಂಗತಿ ಗಮನಿಸಿ: ತೆಳ್ಳಗಿನ ಪದಾರ್ಥವೆಲ್ಲ ಮಾಡಿದವರ ಕೈಯಿಂದ ತಿನ್ನುವವರ ಬಾಯಿಗೆ ನೇರ ಹೋಗಬೇಕು, ನಡುವೆ ಪರೀಕ್ಷಿಸುವವನ ಕೈ ಬಂದರೆ ಮುಗಿಯಿತು. ದಪ್ಪ ಚೀಲ ಚುಚ್ಚಿಸಿಕೊಂಡು ಬದುಕುತ್ತದೆ. ಇದನ್ನು ನಾನು ಕಲಿತದ್ದು ಆ ಸಂಜೆ. ಹಾಳೆಗಳನ್ನು ಒದ್ದೆ ಬಟ್ಟೆಯ ಕೆಳಗೆ ಮುಚ್ಚಿಟ್ಟುಕೊಂಡು, ಬೇಕಾದಾಗ ಒಂದೊಂದೇ ಎಳೆದುಕೊಳ್ಳಬೇಕು ಎಂದು ವಿಡಿಯೋದ ಹೆಂಗಸು ಹೇಳಿದ್ದಳು. ದನದ ಸಂತೆಯಲ್ಲಿ ಹೆಗಲ ಮೇಲಿನ ವಲ್ಲಿಯ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವುದು ನನಗೆ ಗೊತ್ತು. ವಲ್ಲಿಗೆ ಬೇರೊಂದು ಕೆಲಸವೂ ಇರಬಹುದೆಂದು ಗೊತ್ತಿರಲಿಲ್ಲ.

ಅಡುಗೆಮನೆಗೆ ಹೋದೆ. ಹೋದೆ ಎನ್ನುವುದಕ್ಕಿಂತ, ವಿಳಾಸ ಕೇಳಿಕೊಂಡು ತಲುಪಿದೆ ಎನ್ನಬೇಕು. ಸಕ್ಕರೆ ಎಲ್ಲಿ, ಚಾಕು ಎಲ್ಲಿ ಎಂದು ನಾನು ಕೂಗುವುದು, ಮಲಗಿದಲ್ಲಿಂದ ಶಿವಲೀಲಾ ಸಣ್ಣ ದನಿಯಲ್ಲಿ ಹೇಳುವುದು. ಮೇಳದಲ್ಲಿ ಸೋವಿಯೆಂದು ನಾನೇ ತಂದಿದ್ದ, ಪೆಟ್ಟಿಗೆಯಂಥ ಕರೆಂಟಿನ ಒಲೆಯಿತ್ತು. ತಂದ ಮೇಲೆ, ಬಿಲ್ಲು ಬರುತ್ತದೆ ಎಂದು ಹಚ್ಚಲು ಬಿಡದವನೂ ನಾನೇ. ಅದರೊಳಗೆ ಹಪ್ಪಳ ವಾಸವಾಗಿದ್ದವು. ದಾಲ್ಚಿನ್ನಿ ಬೇಡಲು ಜುಬೇದಾ ಅಕ್ಕನ ಮನೆಗೆ ಹೋದಾಗ ಅವರು ನನ್ನ ಕೈಯ ಸೌಟನ್ನು ನೋಡಿ, "ಇವತ್ತ ಪ್ಯಾಟಿ ಬಂದ್ ಏನ್ ಭಾಯಿ? ದಲಾಲ್ರು ಒಲಿ ಮುಂದ ನಿಂತಾರ," ಎಂದರು. ಉತ್ತರಕ್ಕೆ ಕಾಯದೆ ಮೂಸಿ ನೋಡಿ ಒಳ್ಳೆಯ ಚಕ್ಕೆಯನ್ನೇ ಆರಿಸಿ ಕೊಟ್ಟರು.

ಸೇಬಿನ ರಾಶಿಗೆ ಕೈ ಹಾಕಿದೆ. ಕೈ ರೂಢಿಯಂತೆ ಪೆಟ್ಟುಬಿದ್ದ, ಮೆತ್ತಗಾದ ಹಣ್ಣುಗಳನ್ನೇ ಆರಿಸುತ್ತ ಹೋಯಿತು. ಅವನ್ನು ಹೆಚ್ಚಿ, ಕಪ್ಪಾದದ್ದನ್ನು ಬಿಸಾಡಿ, ಉಳಿದದ್ದನ್ನು ಬಾಣಲೆಗೆ ಹಾಕುವಾಗ ಮೇಲೆ ಹೇಳಿದ ಆ ಮೂರನೆಯ ನಿಯಮದ ಗುಟ್ಟು ಹೊಳೆಯಿತು. ಸಾವಿನ ಬಾಗಿಲು ನೋಡಿ ಬಂದವಳಿಗೂ ನಾನು ಕೆಡುತ್ತಿರುವುದನ್ನೇ ಕೊಡಲು ಹೊರಟಿದ್ದೆ. ಬಾಣಲೆ ಇಳಿಸಿದೆ. ಕುಷ್ಟಗಿಯ ಭಾವಮೈದುನ ತಂದಿದ್ದ, ತಟ್ಟಿದರೆ ಟಣ್ಣೆನ್ನುವ ಕೆಂಪು ಹಣ್ಣುಗಳನ್ನು ತೆಗೆದು ಹೊಸದಾಗಿ ಹೆಚ್ಚಿದೆ. ತುಪ್ಪ, ಸಕ್ಕರೆ, ಪುಡಿ ಮಾಡಿದ ದಾಲ್ಚಿನ್ನಿ, ಅರ್ಧ ನಿಂಬೆಹಣ್ಣು. ಸೇಬು ಮೆತ್ತಗಾಗಬೇಕು, ಕರಗಬಾರದು. ಇದನ್ನು ನೀವೂ ನೆನಪಿಡಿ. ಮನೆಯೆಲ್ಲ ಘಮ್ಮೆಂದಿತು. ಒಳಗಿನಿಂದ, "ಆತೇನ್ರಿ?" ಎಂಬ ದನಿ ಬಂತು.

ಡಬ್ಬಿಯ ರಬ್ಬರು ತೆಗೆದೆ. ಸುರುಳಿ ಬಿಡಿಸಲು ಹೋದರೆ ಹಾಳೆ ಬಿಡಿಸಿಕೊಳ್ಳಲಿಲ್ಲ, ಉದುರಿತು. ಇನ್ನೊಂದೂ ಅಷ್ಟೇ. ಒಳಗಿನದಾದರೂ ಉಳಿದಿರಬಹುದೆಂದು ಮೆಲ್ಲಗೆ ಎತ್ತಿದರೆ ಅದು ಹಳೆಯ ಪಂಚಾಂಗದಂತೆ ಮಡಿಕೆ ಮಡಿಕೆಗೂ ಮುರಿಯಿತು. ಕಟ್ಟೆಯ ಮೇಲೆಲ್ಲ ಚೂರು. ಹೊಸಪೇಟೆಯವನು ರಬ್ಬರು ಹಾಕುವಾಗ ನೋಡಿದ ನೋಟ ಈಗ ಅರ್ಥವಾಯಿತು. ಒಳಗೆ ಒಬ್ಬಳು ಎಷ್ಟೋ ದಿನದ ಮೇಲೆ ಹಸಿವೆಯಂಥದ್ದೊಂದನ್ನು ಹಿಡಿದುಕೊಂಡು ಕಾಯುತ್ತಿದ್ದಳು; ನಾನು ಇಲ್ಲಿ ಸೋವಿಗೆ ತಂದ ಹೊಟ್ಟಿನ ಮುಂದೆ ನಿಂತಿದ್ದೆ. ಕಣ್ಣು ತುಂಬಿ ಬಂತು ಎಂದು ಬರೆದರೆ ನಮ್ಮ ಪೇಟೆಯವರು ನಂಬುವುದಿಲ್ಲ. ದಾಲ್ಚಿನ್ನಿಯ ಹೊಗೆ ಎಂದುಕೊಳ್ಳಿ.

ಆದರೆ ಗಿರಣಿಯಲ್ಲಿ ಬೆಳೆದವನಿಗೆ ಒಂದು ಧೈರ್ಯವಿರುತ್ತದೆ: ಅಕ್ಕಿ ಒಡೆದರೆ ನಾವು ಅಳುವುದಿಲ್ಲ, ನುಚ್ಚೆಂದು ಬೇರೆ ಚೀಲಕ್ಕೆ ತುಂಬುತ್ತೇವೆ. ಚೂರನ್ನೆಲ್ಲ ಬಾಚಿ, ಕಾಯಿಸಿದ ತುಪ್ಪದಲ್ಲಿ ಮೆಲ್ಲಗೆ ಕಲಸಿ, ಅರ್ಧವನ್ನು ತಟ್ಟೆಯ ತಳಕ್ಕೆ ಹಾಸಿ, ಅದರ ಮೇಲೆ ಸೇಬಿನ ಪಾಕ ಸುರಿದು, ಉಳಿದರ್ಧವನ್ನು ಮೇಲೆ ಉದುರಿಸಿ, ಚಿಟಿಕೆ ಸಕ್ಕರೆ ಹಾಕಿ ಒಲೆಗೆ ತಳ್ಳಿದೆ. ಬಂಗಾರದ ಬಣ್ಣ ಬಂದು, ಅಲ್ಲಲ್ಲಿ ಕಂದಾದಾಗ ತೆಗೆದೆ. ನೀವು ಮಾಡುವುದಾದರೆ ಡಬ್ಬಿಯನ್ನು ಬಿಚ್ಚದೆ ತನ್ನಿ, ಸುರುಳಿ ಸುತ್ತಿ. ಬಿಚ್ಚಿಯೇ ಬಿಟ್ಟಿದ್ದರೆ ಹೀಗೆ ಮಾಡಿ.

ಬಟ್ಟಲಿಗೆ ಹಾಕಿ ಒಯ್ದೆ. ಹೋದವನು ಸುಮ್ಮನೆ ಕೊಡಬೇಕೋ ಬೇಡವೋ? ಮಾಲು ಮಾರುವವನ ನಾಲಿಗೆ ಸುಮ್ಮನಿರುತ್ತದೆಯೇ. ಸುರುಳಿ ಹಳೆಯ ಪದ್ಧತಿ, ಈಗ ದೊಡ್ಡ ಹೋಟೆಲುಗಳಲ್ಲೆಲ್ಲ ಉದುರು ಉದುರಾಗಿಯೇ ಕೊಡುತ್ತಾರೆ ಎಂದೆ. ಶಿವಲೀಲಾ ದಿಂಬಿಗೆ ಒರಗಿ ಎದ್ದು ಕುಳಿತಳು. ಚಮಚವನ್ನು ನೆಟ್ಟಗೆ ಬಟ್ಟಲಿನ ತಳದವರೆಗೆ ಚುಚ್ಚಿ ಒಳಗಿನದನ್ನು ಮೇಲೆ ತಂದಳು. ಒಂದು ಚೂರನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಉಜ್ಜಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಮೂಸಿದಳು. ಆಮೇಲೆ ಬಾಯಿಗೆ ಹಾಕಿಕೊಂಡು, ಮುಖವನ್ನು ಸ್ವಲ್ಪ ಸಪ್ಪಗೆ ಮಾಡಿ, ಗೋಡೆ ನೋಡುತ್ತ ಹೇಳಿದಳು:

"ನಡೀತೈತಿ."

ನನಗೆ ಆ ಮಂಚದ ಕೆಳಗೆ ಹೋಗಿಬಿಡಬೇಕು ಅನ್ನಿಸಿತು. ಪೇಟೆಗೆ ಎಂದೂ ಬರದ ಹೆಂಗಸು ಇದನ್ನೆಲ್ಲ ಎಲ್ಲಿ ನೋಡಿದಳು? ನೋಡಿದ್ದು ನನ್ನದೇ ಊಟದ ಮಣೆಯ ಮೇಲೆ. ರೊಟ್ಟಿಯ ಅಂಚು ಮುರಿದು ಬೆಳಕಿಗೆ ಹಿಡಿಯುವುದು, ಪಲ್ಯವನ್ನು ಬೆರಳಲ್ಲಿ ಉಜ್ಜುವುದು, ಹೋಳಿಗೆ ಮೂಸುವುದು, ಕೊನೆಗೆ ಆ ಒಂದು ಶಬ್ದ. ಪೇಟೆಯಿಂದ ಬರುವಾಗ ಚಪ್ಪಲಿಯನ್ನು ಹೊರಗೆ ಬಿಡುತ್ತಿದ್ದೆ, ಕೊಳವೆಯನ್ನು ಒಳಗೆ ತರುತ್ತಿದ್ದೆ. ಅವಳ ಎಣ್ಣೆಗಾಯಿಯಂಥ ಎಣ್ಣೆಗಾಯಿಯನ್ನು ಗಂಗಾವತಿಯಲ್ಲಿ ಯಾರೂ ಮಾಡುವುದಿಲ್ಲ ಎಂದು ನಾನು ಪೇಟೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಮಾಡಿದವಳ ಎದುರು ಮಾತ್ರ ಹೇಳಿಲ್ಲ. ಅಲ್ಲಿ ಯಾವ ರೇಟು ಏರುತ್ತದೆಂದು ಹೆದರಿದ್ದೆನೋ!

ನಿಂತೇ ಇದ್ದೆ. ಮಾರುವವನ ಜಾಗದಲ್ಲಿ ನಿಲ್ಲುವುದು ಹೀಗಿರುತ್ತದೆಂದು ತಿಳಿದಿರಲಿಲ್ಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತೋಚುವುದಿಲ್ಲ. ಕಡೆಗೆ ಕೇಳಿಯೇ ಬಿಟ್ಟೆ. "ಖರೇ ಹೇಳು, ಹೆಂಗಾಗೇತಿ?"

"ಹೇಳಿದ್ರ ರೇಟು ಏರತೈತಲ್ರಿ," ಎಂದಳು.

ಹೇಳುತ್ತಲೇ ಇನ್ನೊಂದು ಚಮಚ ತೆಗೆದುಕೊಂಡಳು. ನಾನು ದಲಾಲ. ಗಿರಾಕಿ ಬಾಯಲ್ಲಿ ಏನು ಹೇಳುತ್ತಾನೆ ಎಂದು ಕೇಳುತ್ತ ಕೂತರೆ ನಮ್ಮ ಹೊಟ್ಟೆ ತುಂಬುವುದಿಲ್ಲ. ಅವನ ಕೈ ಎಲ್ಲಿದೆ ಎಂದು ನೋಡುತ್ತೇವೆ. ಅವಳ ಕೈ ಬಟ್ಟಲಲ್ಲಿತ್ತು. ಪಾಕ ಮುಗಿದ ಮೇಲೆ ಬೆರಳನ್ನು ಒದ್ದೆ ಮಾಡಿಕೊಂಡು ತಳಕ್ಕಂಟಿದ ಹಾಳೆಯ ಚೂರುಗಳನ್ನು ಒತ್ತಿ ಒತ್ತಿ ತೆಗೆದು ತಿಂದಳು. ಒಡೆದ ಹಾಳೆ ಕರಕರ ಎಂದಿತು. ಬಟ್ಟಲನ್ನು ಆಚೆ ಸರಿಸಲಿಲ್ಲ, ನನ್ನ ಕಡೆ ಚಾಚಿದಳು.

ಈಗ ಅವಳು ಎದ್ದು ಓಡಾಡುತ್ತಾಳೆ. ಮೊದಲ ರೊಟ್ಟಿ ತಟ್ಟಿದ ದಿನ ನಾನು ಅಂಚು ಮುರಿದು ನೋಡದೆ, ನೇರ ಬಾಯಿಗಿಟ್ಟುಕೊಂಡು, "ಭಾಳ ಛಲೋ ಆಗೇತಿ" ಎಂದೆ. ಅಭ್ಯಾಸವಿಲ್ಲದ ಶಬ್ದ. ಒಲೆಯ ಮುಂದಿನ ಸಪ್ಪಳ ನಿಂತಿತು. ಶಿವಲೀಲಾ ಹೊರಗೆ ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗೈಯನ್ನು ನನ್ನ ಹಣೆಯ ಮೇಲಿಟ್ಟು ನೋಡಿದಳು.

"ಜ್ವರ ಇಲ್ಲ," ಎಂದು ಒಳಗೆ ಹೋದಳು. ಎರಡನೆಯ ರೊಟ್ಟಿಯ ಮೇಲೆ ಬೆಣ್ಣೆ ಇತ್ತು.