ಕನ್ನಡ ಓದಬಲ್ಲ ಇನ್ನೊಬ್ಬಳು

ಕೊಲ್ಲಿ ದೇಶದ ಆ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದವರು ಇಬ್ಬರೇ. ಒಬ್ಬಳು ಹಿರಿಯೂರಿನ ಯಮುನಾ, ಮುದುಕಿಯ ಆರೈಕೆಗೆ ಇದ್ದವಳು. ಇನ್ನೊಬ್ಬಳು ಅಡುಗೆಯ ಮುಮ್ತಾಜ್, ಚಿತ್ರದುರ್ಗದವಳು. ಆದ್ದರಿಂದ ಪೊಲೀಸ್ ಅಧಿಕಾರಿ ಯಮುನಾಳ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಅವಳು ಬರೆದುಕೊಂಡಿದ್ದ ಪ್ರಾರ್ಥನೆಯ ಸಾಲುಗಳನ್ನು ಅರಬ್ಬಿಯಲ್ಲಿ ಒಂದೊಂದಾಗಿ ಹೇಳತೊಡಗಿದಾಗ ಅವಳು ಹೆಚ್ಚು ಯೋಚಿಸಬೇಕಾಗಲಿಲ್ಲ. ಇದು ಮುಮ್ತಾಜಳದೇ ಕೆಲಸ.

ಆ ಅನುಮಾನವನ್ನು ಅವಳು ಐದು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದಳು.

ಅನುಮಾನ ಅವಳಿಗೆ ಹೊಸದೇನಲ್ಲ. ಅವಳ ತಾಯಿ ಕೆಂಚಕ್ಕ ಬಬ್ಬೂರಿನ ಫಾರಂನಲ್ಲಿ ಕಳೆ ಕೀಳುವ ಕೂಲಿ. ಯಮುನಾ ಪಿಯುಸಿಯಲ್ಲಿ ಫೇಲಾಗಿ ಹಿರಿಯೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆದಳು. ಅಲ್ಲಿ ಶಾಲಿನಿ ಎಂಬ ನರ್ಸು ಯಾರೂ ಇಲ್ಲದ ರೋಗಿಗಳ ಕೈ ಹಿಡಿದು ಪ್ರಾರ್ಥನೆ ಮಾಡುತ್ತಿದ್ದಳು. ಅದನ್ನು ವರ್ಷಗಟ್ಟಲೆ ಕಂಡ ಯಮುನಾ ಒಂದು ದಿನ ತಾನೂ ಯೇಸುವನ್ನು ನಂಬಿದಳು. "ಏನು ಕೊಟ್ರಂತೆ ಇವಳಿಗೆ?" ಎಂದು ಕೇರಿಯವರು ಕೇಳಿದರು. ತಮ್ಮ ಚಂದ್ರು ಅವಳಿಲ್ಲದಾಗ ಟ್ರಂಕು ತೆಗೆದು ಹುಡುಕಿದ. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಅವನ ಅನುಮಾನ ಇನ್ನಷ್ಟು ಬಲವಾಯಿತು.

ಕೊಲ್ಲಿಗೆ ಹೋದ ಮೇಲೆ ಅವಳ ಪಾಲಿಗೆ ಬಂದವಳು ಎಂಬತ್ತರ ಮುದುಕಿ. ಹಜ್ ಮಾಡಿ ಬಂದವಳೆಂದು ಎಲ್ಲರೂ ಅವಳನ್ನು ಹಜ್ಜಾ ಎನ್ನುತ್ತಿದ್ದರು. ಮಂಡಿ ಹಿಡಿದುಕೊಂಡು ಮೇಲೇಳಲಾಗದ ಹೆಂಗಸು. ಎರಡು ವರ್ಷದಲ್ಲಿ ಯಮುನಾ ಆ ಮನೆಯಲ್ಲಿ ಬೇಕಾಗುವಷ್ಟು ಅರಬ್ಬಿ ಕಲಿತಳು. ಒಂದು ಮಧ್ಯಾಹ್ನ ಎಣ್ಣೆ ತಿಕ್ಕುತ್ತಿದ್ದಾಗ ಹಜ್ಜಾ ಕೇಳಿದಳು, "ನಿನ್ನ ತುಟಿ ಅಲ್ಲಾಡುತ್ತದಲ್ಲ, ಯಾರ ಜೊತೆ ಮಾತಾಡುತ್ತೀ?"

ಸುಳ್ಳು ಹೇಳಬಹುದಿತ್ತು. ಕೆಲಸ ಕೊಡಿಸಿದ ಏಜೆಂಟು ಅವಳು ಊರು ಬಿಡುವಾಗಲೇ ಎಚ್ಚರಿಸಿದ್ದ: ಅಲ್ಲಿ ಧರ್ಮದ ಮಾತು ಎತ್ತಬೇಡ. ಯಮುನಾ ಯೇಸುವಿನ ಅರಬ್ಬಿ ಹೆಸರು ಹಿಡಿದು, "ಈಸಾ ಜೊತೆ. ನಿಮ್ಮ ಮಂಡಿ ವಾಸಿಮಾಡು ಅಂತ ಕೇಳುತ್ತಿದ್ದೇನೆ" ಎಂದಳು.

ಹಜ್ಜಾ ಸಿಟ್ಟಾಗಲಿಲ್ಲ. "ಈಸಾ ನಮಗೂ ಪ್ರವಾದಿಯೇ" ಎಂದಳು. "ನನಗೆ ಅವನು ಅದಕ್ಕಿಂತ ದೊಡ್ಡವನು" ಎಂದಳು ಯಮುನಾ. ಆಮೇಲೆ ದಿನವೂ ಹಜ್ಜಾ ಏನಾದರೂ ಕೇಳುವಳು, ಯಮುನಾ ಹೇಳುವಳು. ಕದ ಮುಚ್ಚಿಕೊಳ್ಳುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಮುಮ್ತಾಜ್ ಗದರಿದಳು. "ಏಯ್, ನಿನಗೆ ತಲೆ ಐತೇನೇ? ಇಲ್ಲಿ ಗೋಡೆಗೂ ಕಿವಿ ಐತೆ. ನಾಳೆ ನಿನ್ನ ಜೊತೆ ನನ್ನನ್ನೂ ಹೊರಗೆ ಹಾಕ್ತಾರೆ."

"ಅವರು ಕೇಳ್ತಾರೆ, ನಾನು ಹೇಳ್ತೀನಿ ಮುಮ್ತಾಜಕ್ಕ."

"ಹೇಳು ಹೇಳು. ನಾನೂ ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ."

ಆ ಮಾತು ಆಡಿ ಹದಿನೈದು ದಿನಕ್ಕೆ ಪೊಲೀಸರು ಬಂದರು.

ಠಾಣೆಯಲ್ಲಿ ಯಾರೂ ಹೊಡೆಯಲಿಲ್ಲ. ಆದರೆ ಮಲಗಲೂ ಬಿಡಲಿಲ್ಲ. ನಿನ್ನನ್ನು ಕಳಿಸಿದವರು ಯಾರು, ಇನ್ನೂ ಯಾರ್‍ಯಾರಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದರು. ಎರಡನೆಯ ದಿನ ಒಂದು ಕಾಗದ ಮುಂದಿಟ್ಟು, ಸಹಿ ಹಾಕಿದರೆ ಈಗಲೇ ವಿಮಾನ ಹತ್ತಬಹುದು ಎಂದರು. ಓದಿ ಹೇಳಿಸಿಕೊಂಡಳು. ಆ ಮನೆಯ ಹೆಸರು ಕೆಡದಂತೆ ವಿಷಯ ಮುಚ್ಚಿಹಾಕಲು, ತಾನು ಯಾರಿಗೂ ಯೇಸುವಿನ ವಿಷಯ ಹೇಳಿಲ್ಲ ಎಂದು ಬರೆದಿತ್ತು.

"ಹೇಳಿದ್ದೇನಲ್ಲ, ಹೇಳಿಲ್ಲ ಅಂತ ಹೇಗೆ ಸಹಿ ಹಾಕಲಿ?" ಎಂದಳು.

ನಲವತ್ತೊಂದು ದಿನ ಒಳಗಿಟ್ಟರು. ಕಡೆಗೆ ಸಹಿ ಇಲ್ಲದೆಯೇ ವಿಮಾನ ಹತ್ತಿಸಿದರು.

ಹಿರಿಯೂರಿಗೆ ಬಂದರೆ ಇಲ್ಲಿ ಬೇರೆಯದೇ ವಿಚಾರಣೆ. ಸುದ್ದಿ ಅವಳಿಗಿಂತ ಮೊದಲೇ ಬಂದು ಕುಳಿತಿತ್ತು. ಚಂದ್ರು ಊಟಕ್ಕೆ ಕೂತಾಗ ಮುಖ ನೋಡದೆ ಕೇಳಿದ, "ಆ ಮನೇಲಿ ಏನಾರ ಒಡವೆ ಕದ್ದೇನಕ್ಕ? ನಿಜ ಹೇಳು. ದೇವರ ಹೆಸರು ಹೇಳಿದ್ದಕ್ಕೆ ಯಾರಾರ ಜೈಲಿಗೆ ಹಾಕ್ತಾರಾ?"

"ಹಾಕಿದ್ರು ಕಣಪ್ಪ" ಎಂದಳು. ಅವನು ನಂಬಲಿಲ್ಲ. ಅವಳು ವಿವರಿಸುವುದನ್ನು ಬಿಟ್ಟಳು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಮತ್ತೆ ಹಿಡಿದಳು. ಯಾರಾದರೂ ಕೇಳಿದರೆ ತನ್ನ ನಂಬಿಕೆಯ ಬಗ್ಗೆ ಹೇಳುತ್ತಿದ್ದಳು. ಹಾಗೆ ಹೇಳಿದ್ದಕ್ಕೆ ಎರಡು ಮನೆಯವರು ನಾಳೆಯಿಂದ ಬರಬೇಡ ಎಂದರು. ಪ್ರಾರ್ಥನೆಯಲ್ಲಿ ಎಲ್ಲರನ್ನೂ ಕ್ಷಮಿಸಿದೆ ಎನ್ನುವಳು. ಮುಮ್ತಾಜಳ ಹೆಸರು ಬಂದಾಗ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಕಳೆದ ವರ್ಷ ರೋಗಿಯೊಬ್ಬರನ್ನು ಕರೆದುಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಹೋಗಿದ್ದಳು. ಔಷಧಿಯ ಸಾಲಿನಲ್ಲಿ ಮುಮ್ತಾಜ್ ನಿಂತಿದ್ದಳು. ಯಮುನಾ ಕಂಬದ ಮರೆಗೆ ಸರಿದಳು. ರೋಗಿಯನ್ನು ಅವರ ಮಗನಿಗೆ ಒಪ್ಪಿಸಿ, ಮುಮ್ತಾಜಳನ್ನು ದೂರದಿಂದಲೇ ಹಿಂಬಾಲಿಸಿದಳು. ಎರಡು ಓಣಿ ದಾಟಿದ ಮೇಲೆ ಮುಮ್ತಾಜ್ ತಿರುಗಿ ನಿಂತಳು.

"ಆಗ್ಲಿಂದ ನೋಡ್ತಿದೀನಿ, ಯಾರದು ಹಿಂದೆ ಬರೋದು?" ಎಂದವಳು ಗುರುತು ಹಿಡಿದು ತನ್ನ ಮನೆಯ ಬಾಗಿಲು ತಳ್ಳಿದಳು. ಆಮೇಲೆ, "ಬಾ ಒಳಗೆ. ಬೀದೀಲಿ ಬೇಡ" ಎಂದಳು.

ಯಮುನಾ ಹೊಸಿಲಲ್ಲೇ ನಿಂತು ಕೇಳಿದಳು, "ನನ್ನ ಬುಕ್ಕು ಅವರಿಗೆ ಓದಿ ಹೇಳಿದ್ದು ನೀನೇ ಅಲ್ವಾ?"

"ಹೂಂ, ನಾನೇ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆ ಎಂದುಕೊಂಡಿರಲಿಲ್ಲ.

"ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ ಅಂದಿದ್ಯಲ್ಲ, ಹೇಳಿಬಿಟ್ಟೆ."

"ಅದು ನಿನ್ನ ಬಾಯಿ ಮುಚ್ಸಾಕೆ ಅಂದಿದ್ದು. ಪೊಲೀಸ್ರಿಗೆ ನಾನು ಹೇಳಿಲ್ಲ" ಎಂದಳು ಮುಮ್ತಾಜ್. "ಹೇಳಿದ್ದು ಹಜ್ಜಾ."

"ಹಜ್ಜಾ?"

"ಯಾರನ್ನೂ ಹಿಡಿಸಾಕೆ ಅಲ್ಲ. ಮಗನ ಸ್ನೇಹಿತರು ಬಂದಿದ್ರು. ಮಂಡಿ ಹೆಂಗಿದೆ ಅಂದ್ರು. ಈ ಹುಡುಗಿ ಈಸಾ ಹೆಸರಲ್ಲಿ ದುವಾ ಮಾಡ್ತಾಳೆ, ಹಗುರ ಅನಿಸ್ತದೆ ಅಂತ ನಗ್ತಾ ಹೇಳಿದ್ರು. ಬಂದೋರಲ್ಲಿ ಒಬ್ಬನ ಮುಖ ಆಗ್ಲೇ ಕೆಟ್ಟಿತ್ತು, ದೂರು ಕೊಟ್ಟಿದ್ದು ಅವನೇ. ಆಮೇಲೆ ಠಾಣೆಗೆ ನನ್ನನ್ನೂ ಕರೆದ್ರು. ಬುಕ್ಕು ಕೊಟ್ಟು ಓದು ಅಂದ್ರು. ಪ್ರಾರ್ಥನೆ ಇದ್ದದ್ದು ಓದಿದೆ, ಇಲ್ಲಾ ಅನ್ನಾಕೆ ಆಗಲಿಲ್ಲ. ನನಗೂ ಹೆದರಿಕೆ ಕಣೇ. ಹಿಂದಿನ ಹಾಳೇಲಿ ಹೆಸರು ಬರ್ದಿದ್ಯಲ್ಲ, ವಿನೋದ್, ಇನ್ನೂ ಏಳೆಂಟು ಜನ. ಅದೇನು ಅಂದ್ರು. ಅಡುಗೆ ಸಾಮಾನು ಅಂದೆ."

ಯಮುನಾ ಹೊಸಿಲ ಮೇಲೆಯೇ ಕುಳಿತಳು. ಕೊಲ್ಲಿಯಲ್ಲಿ ರಜೆಯ ಶುಕ್ರವಾರ ಗುಟ್ಟಾಗಿ ಕೂಡಿ ಪ್ರಾರ್ಥಿಸುತ್ತಿದ್ದ ಗೆಳೆಯರ ಹೆಸರುಗಳವು. ಅವರಲ್ಲಿ ಒಬ್ಬರನ್ನೂ ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ ಎಂಬುದು ಅವಳಿಗೆ ಎಂದೂ ಬಗೆಹರಿದಿರಲಿಲ್ಲ. ಒಮ್ಮೊಮ್ಮೆ ಅವರಲ್ಲೇ ಯಾರೋ ಪೊಲೀಸರ ಕಡೆಯವರಿರಬೇಕು ಎಂದೂ ಅನಿಸಿ, ವಿನೋದನ ಫೋನು ಎತ್ತುವುದನ್ನೇ ನಿಲ್ಲಿಸಿದ್ದಳು.

"ಹಜ್ಜಾ ಈಗ?"

"ಕೊರೋನಾದಲ್ಲಿ ಹೋದ್ರು. ಕಲ್ಮಾ ಹೇಳ್ಕೊಂಡು ನಮ್ಮ ಧರ್ಮದಲ್ಲೇ ಹೋದ್ರು" ಎಂದಳು ಮುಮ್ತಾಜ್, ಅದನ್ನು ಒತ್ತಿ. "ನಿನ್ನನ್ನು ಕೇಳೋರು. ನನ್ನಿಂದ ಹೋದಳು ಅಂತ ಅಳೋರು" ಎಂದಳು.

ಯಮುನಾ ಅತ್ತಳು. "ಅಕ್ಕ, ನಾನು ನಿನ್ನನ್ನು ಕೆಟ್ಟವಳು ಅಂತ ಇಷ್ಟು ದಿನ..."

"ಗೊತ್ತೈತೆ. ಹಿಂದೆ ಬಂದ ರೀತೀಲೇ ಗೊತ್ತಾಯ್ತು. ಅನ್ನ ಐತೆ, ಉಣ್ತೀಯಾ?"

ಬಸ್ಸಿನಲ್ಲಿ ಕೂತಾಗ ಅನುಮಾನ ಇನ್ನೊಮ್ಮೆ ಕೆರಳಿತು. ಇದೆಲ್ಲ ಕಟ್ಟಿ ಹೇಳಿದ್ದಾದರೆ? ಇಳಿದವಳೇ ವಿನೋದನಿಗೆ ಫೋನ್ ಮಾಡಿದಳು. "ನಿನ್ನ ಬುಕ್ಕಲ್ಲಿ ನಮ್ಮ ಹೆಸರಿತ್ತಾ?" ಎಂದು ಅವನು ಬೆಚ್ಚಿದ. "ನಮ್ಮ ಬಾಗಿಲಿಗೆ ಯಾರೂ ಬರಲೇ ಇಲ್ಲವಲ್ಲ!" ಆಗ ಅವಳು ಪೂರ್ತಿ ನಂಬಿದಳು. ಆ ರಾತ್ರಿ ಪ್ರಾರ್ಥನೆಯಲ್ಲಿ ಮುಮ್ತಾಜಳ ಹೆಸರು ಹೇಳಲು ನಾಲಿಗೆ ತಡವರಿಸಲಿಲ್ಲ.

ಮೂರು ತಿಂಗಳ ನಂತರ ಮುಮ್ತಾಜಳ ಫೋನು ಬಂತು. ಅವಳ ತಾಯಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಗಿತ್ತು, ಎತ್ತಿ ಮಲಗಿಸುವ ಕೆಲಸ ಬಲ್ಲವರು ಬೇಕಾಗಿತ್ತು.

"ಬರ್ತೀಯಾ? ಆದ್ರೆ ನಮ್ಮನೇಲಿ ನಿನ್ನ ಈಸಾ ಮಾತು ಎತ್ತಬೇಡ. ಓಣಿ ಜನ ಸುಮ್ನಿರಲ್ಲ."

"ಕೇಳದಿದ್ರೆ ಹೇಳಲ್ಲ ಅಕ್ಕ. ನಿಮ್ಮಮ್ಮ ಕೇಳಿದ್ರೆ ಹೇಳ್ತೀನಿ. ಈಗಲೇ ಹೇಳಿರ್ತೀನಿ."

ಫೋನಿನ ಆ ಕಡೆ ಒಳಗೆಲ್ಲೋ ಮುದುಕಿ ನರಳುವುದು ಕೇಳಿಸುತ್ತಿತ್ತು.

"ಬೆಳಿಗ್ಗೆ ಎಷ್ಟು ಗಂಟೆ ಬಸ್ಸಿಗೆ ಹೊರಡ್ತೀಯಾ?" ಎಂದಳು ಮುಮ್ತಾಜ್.