ಹನ್ನೊಂದು ಹೆಂಗಸರಿಗೆ ಸಾಕ್ಷಿ ನಿಂತವಳು

ನಮ್ಮ ರಾಮಾತಾಳತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ತಮಿಳು ಸೀಮೆಯ ಉಡುಮಲೈಪೇಟೆ ಹತ್ತಿರ, ಕನ್ನಡ ಮಾತಾಡುವ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಜನ, ಯಾರು ಯಾರಿಗೆ ಏನಾಗಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಹತ್ತಿ ಬಿಡಿಸುವ ಹೆಂಗಸರ ಗುಂಪು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಿದ್ದವಳು ಅವಳು. ಆ ಗುಂಪಿನಲ್ಲಿ ತೆಂಕಣ ಬೀದಿಯವರೂ ಇದ್ದರು, ಬಡಗಣ ಬೀದಿಯವರೂ ಇದ್ದರು. ಬೀದಿಯ ಭೇದ ಇದ್ದದ್ದು ಅವಳ ಅಣ್ಣನಿಗೆ, ಅಂದರೆ ನಮ್ಮಪ್ಪ ವೆಲ್ಲಿಂಗಿರಿಗೆ.

೧೯೮೬ರಲ್ಲಿ ಪಂಚಾಯತ್ ಚುನಾವಣೆ ಬಂತು. ತೆಂಕಣ ಬೀದಿಯಿಂದ ಅಪ್ಪ ಅಧ್ಯಕ್ಷ ಸ್ಥಾನಕ್ಕೆ ನಿಂತ, ಬಡಗಣ ಬೀದಿಯಿಂದ ಚಿನ್ನಸಾಮಿ. ಅಪ್ಪನದು ಏಣಿ ಗುರುತು. ಮನೆಯ ಏಣಿಯನ್ನು ಬೀದಿಗೆ ತಂದು ಒರಗಿಸಿ, ಗೆದ್ದೇಬಿಟ್ಟವನಂತೆ ಅದರ ಪಕ್ಕ ನಿಂತಿರುತ್ತಿದ್ದ. ಹೆಂಗಸರ ಬೂತಿಗೆ ಏಜೆಂಟಾಗಿ ತಂಗಿಯನ್ನು ಕೂರಿಸಿದ. ಊರಲ್ಲೇ ಮದುವೆಯಾಗಿ ನಾಲ್ಕು ಮನೆ ಆಚೆಗಿದ್ದ ಅತ್ತೆಗೆ ತವರೆಂದರೆ ಪ್ರಾಣ. ಅಣ್ಣ ಕೇಳಿದ್ದಕ್ಕೆ ಅವಳು ಇಲ್ಲವೆಂದದ್ದೇ ಇಲ್ಲ.

ಆಗ ಕಾಲೇಜಿಗೆ ಹೋಗುತ್ತಿದ್ದ ನಾನು ಮತದಾರರ ಪಟ್ಟಿಯನ್ನು ಅವಳಿಗೆ ಓದಿ ಹೇಳಬೇಕಿತ್ತು. ಓದುತ್ತಾ ಓದುತ್ತಾ ನಗು ತಡೆಯಲಾಗಲಿಲ್ಲ. ಬಡಗಣ ಬೀದಿಯ ಜಾನಮ್ಮನಿಗೆ ಐವತ್ತು ವರ್ಷ, ಗಂಡನ ಹೆಸರು ತಂಗವೇಲು ಎಂದಿತ್ತು. ತಂಗವೇಲು ಅವಳ ಮಗ. ಎರಡೂ ಬೀದಿಗಳಲ್ಲಿ ಇಂಥ ಹೆಂಗಸರು ಇಪ್ಪತ್ತಕ್ಕೂ ಹೆಚ್ಚಿದ್ದರು. ಗಂಡನ ಹೆಸರನ್ನು ನಮ್ಮವರು ಬಾಯಲ್ಲಿ ಆಡುವುದಿಲ್ಲ. ಪಟ್ಟಿ ಬರೆಯಲು ಬಂದ ಹೊರಗಿನ ಮೇಷ್ಟ್ರು ಕೇಳಿದಾಗ ಗಂಡಸರೆಲ್ಲ ಕಡಲೆಕಾಯಿ ಕೀಳಲು ಹೋಗಿದ್ದರು. ಹೆಂಗಸರು ‘ತಂಗವೇಲು ಅವರಪ್ಪ’ ಎಂದರು, ಪುಣ್ಯಾತ್ಮ ‘ಅವರಪ್ಪ’ನನ್ನು ಬಿಟ್ಟು ತಂಗವೇಲುವನ್ನು ಮಾತ್ರ ಬರೆದುಕೊಂಡು ಹೋದ.

ಚುನಾವಣೆಯ ದಿನ ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರು ಮೊದಲು ಬಂದರು. ಚಿನ್ನಸಾಮಿಯ ಏಜೆಂಟು ಜಯರಾಮನ್ ಪೇಟೆಯವನು, ಕಾನೂನು ಗೊತ್ತಿರುವವನು. ಪಟ್ಟಿಯಲ್ಲಿರುವುದು ಗಂಡನ ಹೆಸರಲ್ಲ, ಇವರು ಬೇರೆ ಯಾರೋ ಎಂದು ಆಕ್ಷೇಪಣೆ ಎತ್ತಿದ. ಬೂತಿನ ಅಧಿಕಾರಿ ಒಬ್ಬೊಬ್ಬರನ್ನೂ ಗಂಡನ ಹೆಸರು ಕೇಳಿದರು. ಕೇಳಿಸಿಕೊಂಡವರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ಅತ್ತೆ ಎದ್ದು ನಿಂತು, ತಪ್ಪು ಹೇಗಾಯಿತೆಂದು ತಮಿಳಿನಲ್ಲಿ ಬಿಡಿಸಿ ಹೇಳಿ, ಒಬ್ಬೊಬ್ಬರ ಗಂಡ, ಮಾವ, ಮಕ್ಕಳ ಹೆಸರನ್ನು ಒಂದೂ ತಪ್ಪದೆ ಒಪ್ಪಿಸಿದಳು. ಅಧಿಕಾರಿ ಪಟ್ಟಿಯ ಬೇರೆ ಪುಟ ತಿರುವಿ ಪರೀಕ್ಷಿಸಿದರು, ಅಲ್ಲೂ ತಡವರಿಸಲಿಲ್ಲ. ನಮ್ಮ ಬೀದಿಯವರೆಲ್ಲ ಓಟು ಹಾಕಿದರು.

ಮಧ್ಯಾಹ್ನ ಬಡಗಣ ಬೀದಿಯ ಹೆಂಗಸರು ಬಂದರು. ಮಗನನ್ನೇ ಗಂಡನಾಗಿ ಬರೆಸಿಕೊಂಡವರು ಅವರಲ್ಲಿ ಹನ್ನೊಂದು ಮಂದಿ, ಮುಂದೆ ಜಾನಮ್ಮ. ಅಷ್ಟರಲ್ಲಿ ಅಪ್ಪ ಬೂತಿನೊಳಗೆ ಬಂದು ಅತ್ತೆಯ ಪಕ್ಕ ಬಗ್ಗಿದ.

“ಈಗ ನೀ ಎದ್ದು ತಡಿ. ಬೆಳಗಾಲ ಅವನು ಮಾಡಿದ್ದನ್ನೇ ನಾವೂ ಮಾಡೋಣ. ಜಯರಾಮನ್ ಪೇಟೆಯವನು, ಇವರು ಯಾರು ಅಂತ ಅವನಿಗೆ ತಿಳಿಯದು.”

“ಬೆಳಗಾಲ ಸರಿ ಅಂದ ಬಾಯಲ್ಲಿ ಈಗ ತಪ್ಪು ಅನ್ನಲಾ ಅಣ್ಣಾ?”

“ನೀ ನನ್ನ ತಂಗಿಯಾ, ಚಿನ್ನಸಾಮಿ ತಂಗಿಯಾ?”

ಅಧಿಕಾರಿಯೇ ಅತ್ತೆಯತ್ತ ತಿರುಗಿ, ಇವರು ನಿನಗೆ ಗೊತ್ತೇನಮ್ಮಾ ಎಂದು ಕೇಳಿದರು. ಇದನ್ನೆಲ್ಲ ಆಮೇಲೆ ಜಾನಮ್ಮನೇ ನನಗೆ ಹೇಳಿದ್ದು.

“ಆಮಾಂಗ ಸಾರ್,” ಎಂದು ಅತ್ತೆ ಹೌದೆಂದಳು. ಹನ್ನೊಂದು ಹೆಂಗಸರಿಗೂ ಹನ್ನೊಂದು ಗಂಡಂದಿರ ಹೆಸರು ಹೇಳಿ ಒಳಗೆ ಕಳಿಸಿದಳು.

ಅಪ್ಪ ಏಳು ಓಟಿನಲ್ಲಿ ಸೋತ. ಏಣಿ ಮತ್ತೆ ಅಟ್ಟಕ್ಕೆ ಒರಗಿತು. ಲೆಕ್ಕ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಪ್ಪ ತಂಗಿಯ ಜೊತೆ ಮಾತು ಬಿಟ್ಟ. ಆ ಪೊಂಗಲಿಗೆ ತವರಿನ ಸೀರೆ ಹೋಗಲಿಲ್ಲ, ಅದರಾಚೆಯ ಪೊಂಗಲಿಗೂ ಹೋಗಲಿಲ್ಲ. ಸುಳ್ಳೇಕೆ, ನಾನೂ ಮುಖ ತಿರುಗಿಸಿಕೊಂಡೇ ಓಡಾಡಿದೆ. ಅಧ್ಯಕ್ಷನ ಮಗಳೆಂದು ಮೆರೆಯುವ ಆಸೆ ನನಗೂ ಇತ್ತು. ಅತ್ತೆ ಮಾತ್ರ ಮೊದಲಿನಂತೆ ನಮ್ಮ ಮನೆ ಮುಂದೆಯೇ ಹಾದು ಹತ್ತಿ ಬಿಡಿಸಲು ಹೋಗುತ್ತಿದ್ದಳು, ಜಗುಲಿಯ ಕಡೆ ಒಮ್ಮೆ ನೋಡುತ್ತಿದ್ದಳು. ಇಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ.

೧೯೮೮ರಲ್ಲಿ ಪಟ್ಟಿ ತಿದ್ದಲು ಇನ್ನೊಬ್ಬ ಮೇಷ್ಟ್ರು ಬಂದರು. “ರಾಮಾತಾಳನ್ನು ಕರಕೊಂಡು ಹೋಗಿ, ಇಲ್ಲಾಂದ್ರೆ ಮತ್ತೆ ಅಮ್ಮಂದಿರನ್ನೆಲ್ಲ ಮಕ್ಕಳಿಗೇ ಕಟ್ಟಿಬಿಡ್ತೀರಿ,” ಎಂದು ಚಿನ್ನಸಾಮಿಯೇ ಹೇಳಿ ಕಳಿಸಿದ. ಅತ್ತೆ ಮನೆಮನೆಗೆ ನಡೆದಳು. ಬಾಗಿಲಲ್ಲಿ ನಿಂತು ಅವಳು ಹೇಳುವುದು, ಮೇಷ್ಟ್ರು ಬರೆಯುವುದು. ನಮ್ಮ ಬೀದಿಗೆ ಬಂದಾಗ ಅಪ್ಪನೂ ಕೊಡೆ ಹಿಡಿದು ಹಿಂದೆ ಹೊರಟ. ತನ್ನ ಬೀದಿಯವರನ್ನು ಸರಿಯಾಗಿ ಬರೆಯುತ್ತಾರೋ ಇಲ್ಲವೋ ನೋಡಲು ಎಂದ. ಹತ್ತು ಹೆಜ್ಜೆ ದೂರದಲ್ಲಿ ಮುಖ ಗಂಟಿಕ್ಕಿಕೊಂಡು ನಡೆಯುತ್ತಿದ್ದ, ನಾನೂ ಜೊತೆಗಿದ್ದೆ.

ಕೊನೆಗೆ ಅತ್ತೆಯದೇ ಮನೆ. ಮಾವ ತೋಟದಲ್ಲಿದ್ದ. ಮೇಷ್ಟ್ರು ಹಳೆಯ ಪಟ್ಟಿ ನೋಡಿ ನಕ್ಕರು. ಅವಳ ಹೆಸರಿನ ಮುಂದೆಯೂ ಮಗನ ಹೆಸರೇ ಇತ್ತು.

“ನಿಮ್ಮ ಗಂಡನ ಹೆಸರು ಹೇಳಿಯಮ್ಮ.”

ಊರಿನ ಗಂಡಂದಿರನ್ನೆಲ್ಲ ಹೆಸರು ಹಿಡಿದು ಕರೆದ ಆ ಬಾಯಿ ಸೆರಗಿನ ಹಿಂದೆ ಸರಿಯಿತು. ಮೇಷ್ಟ್ರು ಮತ್ತೆ ಕೇಳಿದರು. ಅತ್ತೆ ನೆಲ ನೋಡುತ್ತಾ ನಿಂತಳು. ಅವಳಿಗೆ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ.

ಅಪ್ಪ ಕೊಡೆ ಮಡಚಿದ. ಎರಡು ವರ್ಷದಿಂದ ತುಳಿಯದ ಮೆಟ್ಟಿಲನ್ನು ಹತ್ತಿ ತಂಗಿಯ ಪಕ್ಕ ಬಂದು ನಿಂತ.

“ಲಿಂಗಪ್ಪನ್ ಅಂತ ಬರ್ಕೊಳ್ಳಿ ಸಾರ್. ನಾನೇ ಕೊಟ್ಟು ಮದುವೆ ಮಾಡಿದ್ದು. ಇವಳು ನನ್ನ ತಂಗಿ.”

ಮೇಷ್ಟ್ರು ಬರೆದುಕೊಂಡರು. ಅತ್ತೆ ಸೆರಗಿನಲ್ಲೇ ಕಣ್ಣೊರೆಸಿಕೊಂಡು, “ಒಳಗೆ ಬಾ ಅಣ್ಣಾ, ಮಜ್ಜಿಗೆ ಇದೆ,” ಎಂದಳು.